ಬಾರ್ಡರ್ ಟೆರಿಯರ್ ಸಾಕುವುದು ಹೇಗೆ? ಸ್ವಭಾವ, ಪಾಲನೆ, ಆರೈಕೆಯ ಸಮಗ್ರ ಮಾರ್ಗದರ್ಶಿ

ನರಿಯ ಬಿಲದೊಳಗೆ ಇಳಿದ ನಾಯಿಗೆ ಯಜಮಾನನ ಮಾತು ಕೇಳಿಸುವುದಿಲ್ಲ. ಒಳಗೆ ಕತ್ತಲು, ಇಕ್ಕಟ್ಟು, ಎದುರಿಗೆ ಹಲ್ಲು ಕಿರಿದು ನಿಂತ ನರಿ. ಮುಂದೆ ನುಗ್ಗಬೇಕೋ, ಹಿಂದೆ ಸರಿಯಬೇಕೋ, ನಿಂತಲ್ಲೇ ಬೊಗಳಬೇಕೋ ಅನ್ನುವುದನ್ನು ನಾಯಿಯೇ ತೀರ್ಮಾನ ಮಾಡಬೇಕು. ಬಾರ್ಡರ್ ಟೆರಿಯರ್ ತಳಿಯನ್ನು ತಲೆಮಾರುಗಳಿಂದ ಬೆಳೆಸಿದ್ದು ಇದೇ ಕೆಲಸಕ್ಕೆ. ಇವತ್ತು ಅದು ಸೋಫಾ ಮೇಲೆ ಮಲಗಿದ್ದರೂ ತಲೆ ಓಡುವುದು ಹಾಗೆಯೇ. ನೀವು ಕರೆದಾಗ ಒಂದು ಸಲ ತಿರುಗಿ ನೋಡಿ, ಮತ್ತೆ ಪೊದೆಯೊಳಗೆ ಮೂತಿ ತೂರಿಸುವ ಬಾರ್ಡರ್ ದಡ್ಡನೂ ಅಲ್ಲ, ಹಟಮಾರಿಯೂ ಅಲ್ಲ. ತನ್ನ ತೀರ್ಮಾನ ತಾನು ಮಾಡುತ್ತಿದೆ, ಅಷ್ಟೆ.

ಕೆಳಗಿನ ಎಲ್ಲ ಹಂತಗಳೂ ಈ ಒಂದು ಮಾತಿನ ಮೇಲೆ ನಿಂತಿವೆ. ಈ ನಾಯಿಯ ಹುಟ್ಟುಗುಣವನ್ನು ಅಳಿಸಲು ಹೋಗಬೇಡಿ. ಅಗೆಯಲು, ಹುಡುಕಲು, ಅಟ್ಟಿಸಿಕೊಂಡು ಹೋಗಲು ನೀವೇ ಜಾಗ ಮತ್ತು ಸಮಯ ಗೊತ್ತುಮಾಡಿ ಕೊಡಿ. ಅಷ್ಟು ಸಿಕ್ಕರೆ ಇಷ್ಟು ಹಿತವಾದ ಮನೆ ನಾಯಿ ಸಿಗುವುದು ಅಪರೂಪ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ನಾಯಿ ಎಲ್ಲಿಯದು, ಯಾಕೆ ಹೀಗೆ

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯಲ್ಲಿ ಚೆವಿಯಟ್ ಬೆಟ್ಟಸಾಲು ಇದೆ. ಅದು ಕುರಿ ಸಾಕುವವರ ನಾಡು. ಕುರಿಮರಿ ಹೊತ್ತೊಯ್ಯುವ ನರಿಗಳ ಕಾಟಕ್ಕೆ ಅಲ್ಲಿನ ರೈತರು ಬೆಳೆಸಿದ ನಾಯಿ ಇದು. ಫಾಕ್ಸ್‌ಹೌಂಡ್ ಅನ್ನುವ ಬೇಟೆನಾಯಿಗಳ ಹಿಂಡು ನರಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ನರಿ ಬಿಲ ಸೇರಿಕೊಂಡರೆ ಟೆರಿಯರ್ ಒಳಗೆ ನುಗ್ಗಿ ಅದನ್ನು ಹೊರಗೆ ಓಡಿಸಬೇಕಿತ್ತು. ಹಾಗಾಗಿ ಬೇಟೆಗಾರರ ಕುದುರೆಯ ಹಿಂದೆ ಓಡಿ ಬರುವಷ್ಟು ಉದ್ದದ ಕಾಲೂ ಬೇಕು, ಬಿಲದಲ್ಲಿ ತೂರುವಷ್ಟು ಕಿರಿದಾದ ಎದೆಯೂ ಬೇಕು. ಈಗಲೂ ಬಾರ್ಡರ್ ಪರೀಕ್ಷಿಸುವವರು ನಾಯಿಯ ಭುಜದ ಹಿಂದೆ ಎರಡೂ ಕೈಯಿಂದ ಎದೆ ಸುತ್ತಿ ಹಿಡಿದು ನೋಡುತ್ತಾರೆ. ಕೈಗಳ ಹಿಡಿತಕ್ಕೆ ಎದೆ ಸಿಗಬೇಕು.

ನಾಯಿ ತಳಿಗಳನ್ನು ದಾಖಲಿಸುವ ಸಂಸ್ಥೆಗಳಾದ ಬ್ರಿಟನ್ನಿನ ಕೆನೆಲ್ ಕ್ಲಬ್ 1920ರಲ್ಲಿ, ಅಮೆರಿಕನ್ ಕೆನೆಲ್ ಕ್ಲಬ್ 1930ರಲ್ಲಿ ಈ ತಳಿಗೆ ಮಾನ್ಯತೆ ಕೊಟ್ಟವು. ಗಂಡು ನಾಯಿ 5.9ರಿಂದ 7.1 ಕಿಲೋ, ಹೆಣ್ಣು 5.1ರಿಂದ 6.4 ಕಿಲೋ ತೂಗಬೇಕು ಅನ್ನುತ್ತದೆ ಬ್ರಿಟನ್ನಿನ ಮಾನದಂಡ. ತಲೆ ನೀರುನಾಯಿಯ ತಲೆಯಂತೆ ಅಗಲ, ಮೂತಿ ಗಿಡ್ಡ. ಚರ್ಮ ದಪ್ಪ, ಸಡಿಲ. ನರಿ ಕಚ್ಚಿದರೂ ಹಲ್ಲು ಆಳಕ್ಕೆ ಇಳಿಯಬಾರದಲ್ವಾ, ಅದಕ್ಕೆ.

ಸ್ವಭಾವ ತಿಳಿಯಲು ಇನ್ನೊಂದು ವಿಷಯ ಮುಖ್ಯ. ಈ ಟೆರಿಯರ್‌ಗಳು ಫಾಕ್ಸ್‌ಹೌಂಡ್‌ಗಳ ಜೊತೆಗೇ ಇರಬೇಕಿತ್ತು. ಕಂಡಕಂಡ ನಾಯಿಯ ಮೇಲೆ ಬೀಳುವ ಟೆರಿಯರ್‌ಗೆ ಅಲ್ಲಿ ಜಾಗ ಇರಲಿಲ್ಲ. ಹಾಗಾಗಿ ಬೇರೆ ಹಲವು ಟೆರಿಯರ್‌ಗಳಿಗಿಂತ ಬಾರ್ಡರ್ ಇತರ ನಾಯಿಗಳೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಮನೆಯೊಳಗೆ ಶಾಂತ, ಬೊಗಳುವುದೂ ಕಡಿಮೆ. ಬೈಗುಳಕ್ಕೆ ಮಾತ್ರ ಬಹಳ ನೊಂದುಕೊಳ್ಳುತ್ತದೆ. ಗಟ್ಟಿಯಾಗಿ ಗದರಿದರೆ ತಿರುಗಿ ಬೀಳುವುದಿಲ್ಲ, ಬಾಲ ಇಳಿಸಿ ಮೂಲೆ ಸೇರುತ್ತದೆ. ಆಮೇಲೆ ನೀವು ಹೇಳಿದ ಯಾವುದೂ ಅದರ ತಲೆಗೆ ಹೋಗುವುದಿಲ್ಲ. ನರಿಗೆ ಹೆದರದ ನಾಯಿ ನಿಮ್ಮ ಸಿಟ್ಟಿಗೆ ಹೆದರುತ್ತದೆ ಅನ್ನುವುದನ್ನು ದಯವಿಟ್ಟು ನೆನಪಿಡಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೇಟೆನಾಯಿಗಳ ಹಿಂಡು ಕಟ್ಟಿಕೊಂಡು ನರಿ ಬೇಟೆಯಾಡುವುದನ್ನು 2004ರ ಕಾಯ್ದೆ ನಿಷೇಧಿಸಿತು. ಅದು ಜಾರಿಗೆ ಬಂದದ್ದು 2005ರ ಫೆಬ್ರವರಿಯಲ್ಲಿ. ಹಳೆಯ ಕೆಲಸ ಹೋಯಿತು, ಕೆಲಸದ ಹಂಬಲ ಉಳಿಯಿತು. ಅದನ್ನು ತುಂಬಿಕೊಡುವುದು ಈಗ ನಿಮ್ಮ ಪಾಲಿಗೆ ಬಂದಿದೆ.

ಹಂತ 1: ಮರಿ ತರುವ ಮುನ್ನ

ಮೊದಲು ನಿಮ್ಮ ದಿನಚರಿ ನೋಡಿ. ದೊಡ್ಡ ಬಾರ್ಡರ್‌ಗೆ ದಿನಕ್ಕೆ ಒಂದು ಗಂಟೆಯಾದರೂ ಹೊರಗೆ ಓಡಾಟ ಬೇಕು. ಜೊತೆಗೆ ಮೂಗಿಗೆ, ತಲೆಗೆ ಸ್ವಲ್ಪ ಕೆಲಸ. 12ರಿಂದ 15 ವರ್ಷ ಬದುಕುವ ನಾಯಿ ಇದು. ಅಷ್ಟು ವರ್ಷ ಮಳೆಯೋ ಚಳಿಯೋ ಅನ್ನದೆ ಹೊರಗೆ ಕರೆದುಕೊಂಡು ಹೋಗುವವರು ಮನೆಯಲ್ಲಿ ಯಾರು? ಇದಕ್ಕೆ ಸ್ಪಷ್ಟ ಉತ್ತರ ಇಲ್ಲದಿದ್ದರೆ ಸ್ವಲ್ಪ ಕಾಯಿರಿ.

ಮನೆಯಲ್ಲಿ ಹ್ಯಾಮ್‌ಸ್ಟರ್, ಗಿನಿ ಪಿಗ್, ಮೊಲ ಇದ್ದರೆ ಬಾರ್ಡರ್ ತರುವ ಯೋಚನೆ ಬಿಡಿ ಅಂತಲೇ ನಾನು ಹೇಳುತ್ತೇನೆ. ಎಷ್ಟೇ ತರಬೇತಿ ಕೊಟ್ಟರೂ ಆ ಭರವಸೆ ಇಡಲು ಆಗುವುದಿಲ್ಲ.

ಬ್ರೀಡರ್ ಹತ್ತಿರ ಹೋದಾಗ ಮರಿಗಿಂತ ಮೊದಲು ತಾಯಿಯನ್ನು ನೋಡಿ. ಅಪರಿಚಿತರನ್ನು ಕಂಡಾಗ ಅದು ಹೇಗೆ ವರ್ತಿಸುತ್ತದೆ ಅಂತ ಗಮನಿಸಿ. ಆಮೇಲೆ ಎರಡು ಪ್ರಶ್ನೆ ತಪ್ಪದೆ ಕೇಳಿ. ತಂದೆ ತಾಯಿಗೆ 'ಎಸ್‌ಎಲ್‌ಇಎಂ' ಡಿಎನ್‌ಎ ಪರೀಕ್ಷೆ ಆಗಿದೆಯಾ? ಇದು ಈ ತಳಿಯಲ್ಲಿ ಕಾಣುವ ನರರೋಗ. ಮರಿಗಳು ನಡೆಯಲು ಶುರು ಮಾಡುವ ವಯಸ್ಸಿಗೆ ಹಿಂಗಾಲು ವಿಪರೀತ ನಡುಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಮರಿಗೆ ರೋಗ ಬರುತ್ತದೆ, ಹಾಗಾಗಿ ಪರೀಕ್ಷೆ ಮಾಡಿಸಿ ಜೋಡಿ ಮಾಡಿದರೆ ಪೂರ್ತಿ ತಪ್ಪಿಸಬಹುದು. ಎರಡನೆಯ ಪ್ರಶ್ನೆ: ಈ ಕುಟುಂಬದ ಯಾವುದಾದರೂ ನಾಯಿಗೆ ಸೆಳೆತ, ಮೈ ಬಿಗಿಯುವ ತೊಂದರೆ ಬಂದಿದೆಯಾ? ಒಳ್ಳೆಯ ಬ್ರೀಡರ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಬದಲಿಗೆ ಕೂತು ವಿವರಿಸುತ್ತಾರೆ, ನಿಮ್ಮನ್ನೂ ನಾಲ್ಕು ಪ್ರಶ್ನೆ ಕೇಳುತ್ತಾರೆ. ಎಂಟು ವಾರ ತುಂಬುವ ಮೊದಲು ಮರಿ ಕೊಡಲು ಮುಂದೆ ಬಂದವರನ್ನು ನಂಬಬೇಡಿ.

ಇನ್ನು ಬೇಲಿ. ಬಾರ್ಡರ್ ಹಾರುತ್ತದೆ, ಹತ್ತುತ್ತದೆ, ಎಲ್ಲಕ್ಕಿಂತ ಜಾಸ್ತಿ ಕೆಳಗಿನಿಂದ ತೂರುತ್ತದೆ. ಬೇಲಿಯ ಸುತ್ತ ಒಂದು ಸುತ್ತು ಬಗ್ಗಿಕೊಂಡೇ ನಡೆಯಿರಿ. ಮರಿಯ ತಲೆ ಹಿಡಿಸುವಷ್ಟು ಸಂದು ಇದ್ದರೆ ಮೈಯೂ ಹಿಡಿಸುತ್ತದೆ. ಬುಡದಲ್ಲಿ ಗಟ್ಟಿ ತಂತಿಜಾಲರಿಯನ್ನು ಒಳಗಡೆಗೆ ಮಡಿಸಿ, ಒಂದಡಿಯಷ್ಟು ನೆಲದ ಮೇಲೆ ಹಾಸಿ, ಮೇಲೆ ಮಣ್ಣು ಮುಚ್ಚಿ. ಬೇಲಿಯ ಬುಡದಲ್ಲಿ ಅಗೆಯಲು ಶುರು ಮಾಡಿದರೆ ಪಂಜ ಜಾಲರಿಗೆ ತಾಗಿ ಅಲ್ಲೇ ನಿಲ್ಲುತ್ತದೆ.

ಹಂತ 2: ಮೊದಲ ಕೆಲವು ತಿಂಗಳು

ಸುಮಾರು 3ರಿಂದ 14 ವಾರದ ನಡುವೆ ಮರಿಯ ಮನಸ್ಸು ಹೊಸದನ್ನು ಹೆದರದೆ ಒಪ್ಪಿಕೊಳ್ಳುತ್ತದೆ. ಅದರಲ್ಲಿ ಅರ್ಧದಷ್ಟು ಸಮಯ ಬ್ರೀಡರ್ ಮನೆಯಲ್ಲೇ ಕಳೆದಿರುತ್ತದೆ. ಲಸಿಕೆ ಪೂರ್ತಿ ಆಗಲಿ ಅಂತ ಕಾಯುತ್ತಾ ಕೂತರೆ ಉಳಿದದ್ದೂ ಕೈತಪ್ಪುತ್ತದೆ. ನೆಲಕ್ಕೆ ಬಿಡದೆ ಎತ್ತಿಕೊಂಡೇ ಓಡಾಡಿ. ಮಕ್ಕಳು, ಗಡ್ಡದವರು, ಕೊಡೆ, ಮೋಟಾರ್‌ಬೈಕ್, ಮಿಕ್ಸರ್ ಸದ್ದು, ಬೆಕ್ಕು, ದನ, ಎಲ್ಲವನ್ನೂ ದೂರದಿಂದ ತೋರಿಸಿ, ಒಂದೊಂದು ತಿನಿಸು ಕೊಡಿ. ಮರಿ ಮುಖ ತಿರುಗಿಸಿದರೆ ಅವತ್ತಿಗೆ ಸಾಕು.

ಮನೆಯೊಳಗೆ ಗಲೀಜು ಮಾಡದಂತೆ ಕಲಿಸುವುದು ಸುಲಭ, ಆದರೆ ನಿಮ್ಮ ನಿದ್ದೆ ಕೆಡುತ್ತದೆ. ಎದ್ದ ತಕ್ಷಣ, ಉಂಡ ತಕ್ಷಣ, ಆಟ ಮುಗಿದ ತಕ್ಷಣ ಹೊರಗೆ ಕರೆದುಕೊಂಡು ಹೋಗಿ. ಹೊರಗೆ ಮಾಡಿದಾಗ ಅಲ್ಲೇ ಹೊಗಳಿ. ಒಳಗೆ ಮಾಡಿದರೆ ಸುಮ್ನೆ ಒರೆಸಿ. ಕಿಣ್ವ ಇರುವ ಕ್ಲೀನರ್ ಬಳಸಿದರೆ ವಾಸನೆ ಪೂರ್ತಿ ಹೋಗುತ್ತದೆ, ಇಲ್ಲದಿದ್ದರೆ ಮರಿ ಮತ್ತೆ ಅದೇ ಜಾಗ ಹುಡುಕಿಕೊಂಡು ಬರುತ್ತದೆ.

ಕಚ್ಚುವ ವಿಷಯ. ನಾಲ್ಕರಿಂದ ಆರು ತಿಂಗಳಲ್ಲಿ 28 ಹಾಲುಹಲ್ಲು ಉದುರಿ 42 ಹೊಸ ಹಲ್ಲು ಬರುತ್ತವೆ. ಆ ದಿನಗಳಲ್ಲಿ ಕುರ್ಚಿ ಕಾಲೂ ಒಂದೇ, ನಿಮ್ಮ ಕಾಲೂ ಒಂದೇ. ಒದ್ದೆ ಬಟ್ಟೆ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು, ನಿಮ್ಮ ಕಣ್ಣೆದುರೇ ಕಡಿಯಲು ಕೊಡಿ, ಒಸಡಿಗೆ ಹಿತವಾಗುತ್ತದೆ. ಮೆತ್ತನೆ ಗೊಂಬೆ ಕೊಟ್ಟರೆ ಬಾರ್ಡರ್ ಸ್ವಲ್ಪ ಹೊತ್ತಲ್ಲೇ ಹೊಟ್ಟೆ ಬಗೆದು ಒಳಗಿನ ಪೀಪಿ ನುಂಗಿಬಿಡಬಹುದು. ಗಟ್ಟಿ ರಬ್ಬರ್ ಆಟಿಕೆಯೇ ಇರಲಿ.

ಬಾಯಲ್ಲಿ ಏನೋ ಕದ್ದು ತಂದರೆ ಅಟ್ಟಿಸಿಕೊಂಡು ಹೋಗಬೇಡಿ. ನಿಮ್ಮ ಪಾಲಿಗೆ ಅದು ಕಳ್ಳತನ, ಅದರ ಪಾಲಿಗೆ ಜಗತ್ತಿನ ಅತ್ಯುತ್ತಮ ಆಟ. ಒಳ್ಳೆಯ ತಿನಿಸು ಮೂಗಿನ ಹತ್ತಿರ ಹಿಡಿಯಿರಿ, 'ಬಿಡು' ಅನ್ನಿ, ಬಿಟ್ಟ ಕೂಡಲೇ ಕೊಡಿ. ಸಾಧ್ಯವಾದಾಗಲೆಲ್ಲ ಕದ್ದ ವಸ್ತುವನ್ನೂ ವಾಪಸ್ ಕೊಡಿ. ಕೊಟ್ಟರೆ ನಷ್ಟವಿಲ್ಲ ಅಂತ ಗೊತ್ತಾದ ನಾಯಿ ಮುಂದೊಂದು ದಿನ ಸತ್ತ ಇಲಿಯನ್ನೂ ಬಿಟ್ಟುಕೊಡುತ್ತದೆ.

ಹಂತ 3: ಕರೆದರೆ ಬರುವುದು

ಬಾರ್ಡರ್ ಸಾಕುವವರಿಗೆ ಇದೇ ದೊಡ್ಡ ಪರೀಕ್ಷೆ. ವಾಸನೆ ಹಿಡಿದು ಬಿಲ ಹೊಕ್ಕರೆ ಅದಕ್ಕೆ ಹೊತ್ತಿನ ಪರಿವೆ ಇರುವುದಿಲ್ಲ. ಕೆಲವೊಮ್ಮೆ ಒಳಗೆ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಹಾಗಾಗಿ ಈ ಪಾಠಕ್ಕೆ ತಿಂಗಳುಗಟ್ಟಲೆ ಸಮಯ ಕೊಡಿ.

ಕರೆಯಲು ಸೀಟಿ ಇಟ್ಟುಕೊಳ್ಳುವುದು ಒಳ್ಳೆಯದು. 'ಬಾ' ಅನ್ನುವ ಮಾತನ್ನು ನಾವು ದಿನಕ್ಕೆ ನೂರು ಸಲ ಹೇಳುತ್ತೇವೆ, ಅದಕ್ಕೆ ಬೆಲೆ ಉಳಿಯುವುದಿಲ್ಲ. ಸೀಟಿಯಲ್ಲಿ ನಿಮ್ಮ ಸಿಟ್ಟು, ಗಾಬರಿಯೂ ಕೇಳಿಸುವುದಿಲ್ಲ. ಮೊದಲ ವಾರ ಮನೆಯೊಳಗೆ ಊಟದ ತಟ್ಟೆ ಇಡುವಾಗಲೆಲ್ಲ ಸೀಟಿ ಊದಿ. ಎರಡನೆಯ ವಾರ ಪಕ್ಕದ ಕೋಣೆಯಿಂದ ಊದಿ. ಓಡಿ ಬಂದರೆ ಬೇಯಿಸಿದ ಕೋಳಿಯ ಚೂರೋ ಚೀಸೋ ಕೊಡಿ, ಬರೀ ಒಣ ಬಿಸ್ಕತ್ತು ಬೇಡ. ಆಮೇಲೆ ಅಂಗಳ, ಆಮೇಲೆ ಯಾರೂ ಇಲ್ಲದ ಬಯಲು.

ಬಯಲಿಗೆ ಹೋಗುವಾಗ ಎದೆ ಸುತ್ತ ಕಟ್ಟುವ ಹಾರ್ನೆಸ್ ಹಾಕಿ, 10 ಮೀಟರ್ ಉದ್ದದ ಹಗ್ಗ ಕಟ್ಟಿ. ಉದ್ದ ಹಗ್ಗವನ್ನು ಕುತ್ತಿಗೆಯ ಬೆಲ್ಟಿಗೆ ಕಟ್ಟಲೇಬೇಡಿ, ಓಟದ ರಭಸಕ್ಕೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಸೀಟಿ ಒಂದೇ ಸಲ. ಬರದಿದ್ದರೆ ಮತ್ತೆ ಮತ್ತೆ ಊದದೆ, ಹಗ್ಗ ಹಿಡಿದು ನೀವೇ ಹತ್ತಿರ ಹೋಗಿ, ಮೂಗಿನ ಮುಂದೆ ತಿನಿಸು ತೋರಿಸಿ ಹಿಂದಕ್ಕೆ ಕರೆತನ್ನಿ. ಬಂದ ಮೇಲೆ ಹತ್ತರಲ್ಲಿ ಒಂಬತ್ತು ಸಲ ಮತ್ತೆ ಆಡಲು ಬಿಡಿ. 'ಸೀಟಿ ಅಂದರೆ ಆಟ ಮುಗೀತು' ಅಂತ ಕಲಿತ ಬಾರ್ಡರ್ ವಾಪಸ್ ಬರುವುದನ್ನೇ ಬಿಡುತ್ತದೆ. ಸ್ನಾನಕ್ಕೆ, ಉಗುರು ಕತ್ತರಿಸಲು ಸೀಟಿ ಊದಿ ಕರೆಯಲೇಬೇಡಿ.

ಇನ್ನೊಂದು ಸಂಗತಿ, ಇದನ್ನು ಕಣ್ಣಿಟ್ಟು ನೋಡಿಯೇ ಕಲಿಯಬೇಕು. ಅಳಿಲು ಕಂಡ ಬಾರ್ಡರ್ ಓಡುವುದಕ್ಕೆ ಮುನ್ನ ಒಂದು ಕ್ಷಣ ಕಲ್ಲಿನ ಹಾಗೆ ನಿಲ್ಲುತ್ತದೆ. ಏದುಸಿರು ನಿಂತು ಬಾಯಿ ಮುಚ್ಚುತ್ತದೆ. ಕಿವಿ ಮುಂದಕ್ಕೆ ಬರುತ್ತದೆ, ಬಾಲ ಬಿಗಿಯುತ್ತದೆ, ಮುಂಗಾಲು ಒಂದು ಅರ್ಧಕ್ಕೆ ಏಳುತ್ತದೆ. ಸೀಟಿ ಊದಬೇಕಾದ್ದು ಆ ಕ್ಷಣದಲ್ಲಿ. ಕಾಲು ನೆಲ ಒದ್ದು ಹೊರಟ ಮೇಲೆ ನಿಮ್ಮ ಸದ್ದು ಅದರ ತಲೆ ಮುಟ್ಟುವುದು ಕಷ್ಟ. ದಿನಾ ಜೊತೆಗಿರುವವರಿಗೆ ಈ ಗುರುತು ಬೇಗ ಸಿಗುತ್ತದೆ. ಅಷ್ಟು ಗಮನ ಕೊಡಬೇಕಾದರೆ ಹೊರಗೆ ಹೋದಾಗ ಫೋನ್ ಜೇಬಲ್ಲೇ ಇರಬೇಕು.

ಇಷ್ಟೆಲ್ಲ ಆದ ಮೇಲೂ ರಸ್ತೆ ಹತ್ತಿರ, ಕುರಿ ಮೇಯುವ ಜಾಗದಲ್ಲಿ, ಬಿಲಗಳಿರುವ ಕಡೆ ಹಗ್ಗ ಬಿಚ್ಚಬೇಡಿ. ತರಬೇತಿ ಚೆನ್ನಾಗಿ ಆದ ಬಾರ್ಡರ್ ಕೂಡ ಒಂದು ದಿನ ತನ್ನ ತೀರ್ಮಾನ ತಾನು ಮಾಡಿಬಿಡುತ್ತದೆ.

ಹಂತ 4: ಕೆಲಸ ಕೊಡಿ

ಅಂಗಳ ಅಗೆಯಬಾರದು ಅಂತ ಕಲಿಸುವುದಕ್ಕಿಂತ ಇಲ್ಲೇ ಅಗೆ ಅಂತ ಕಲಿಸುವುದು ಸುಲಭ. ನೆರಳಿರುವ ಮೂಲೆಯಲ್ಲಿ ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಗುಂಡಿ ತೆಗೆಯಿರಿ, ಎರಡು ಅಡಿ ಆಳ ಇರಲಿ. ಮರಳು ಮತ್ತು ಮಣ್ಣು ಬೆರೆಸಿ ತುಂಬಿ. ಬರೀ ಮರಳು ಬೇಗ ಕುಸಿಯುತ್ತದೆ, ನಾಯಿಗೆ ಅಗೆದ ತೃಪ್ತಿ ಸಿಗುವುದಿಲ್ಲ. ಮೊದಲ ದಿನ ಆಟಿಕೆಯನ್ನು ಅದರ ಕಣ್ಣೆದುರೇ ಅರ್ಧ ಹೂತಿಡಿ. ನಂತರ ಪೂರ್ತಿ, ನಂತರ ಆಳಕ್ಕೆ, ಕೊನೆಗೆ ಅದು ನೋಡದಿದ್ದಾಗ. ಹೂವಿನ ಪಾತಿಯಲ್ಲಿ ಅಗೆಯುವುದು ಕಂಡರೆ ಮಾತಿಲ್ಲದೆ ಗುಂಡಿಗೆ ಕರೆದುಕೊಂಡು ಬನ್ನಿ. ವಾರಕ್ಕೆರಡು ಸಲ ಅಲ್ಲಿ ಹೊಸದೇನಾದರೂ ಸಿಗುವಂತಿದ್ದರೆ ಪಾತಿಯ ಕಡೆ ಆಸೆ ತಾನಾಗಿ ಕಡಿಮೆಯಾಗುತ್ತದೆ.

ಅಟ್ಟಿಸುವ ಆಸೆಗೆ ಉದ್ದ ಕೋಲಿನ ತುದಿಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಬಟ್ಟೆಯ ಗೊಂಡೆ ಕಟ್ಟಿ. ನಾಯಿ ಕೂತು ನಿಮ್ಮ ಮುಖ ನೋಡಿದರೆ ಮಾತ್ರ ಗೊಂಡೆ ಓಡುತ್ತದೆ. ಹಿಡಿದರೆ ಸ್ವಲ್ಪ ಜಗ್ಗಾಡಲಿ, 'ಬಿಡು' ಅಂದಾಗ ಬಿಡಲಿ, ಬಿಟ್ಟರೆ ಮತ್ತೆ ಓಡಲಿ. ಉಸಿರು ಮೇಲೆ ಕೆಳಗೆ ಆಗುತ್ತಿರುವಾಗಲೂ ನಿಮ್ಮ ಮಾತು ಕೇಳುವ ಅಭ್ಯಾಸ ಇಲ್ಲಿಯೇ ಆಗುವುದು. ಐದು ನಿಮಿಷ ಸಾಕು. ವರ್ಷ ತುಂಬದ ಮರಿಗೆ ಗೊಂಡೆ ನೆಲದ ಮೇಲೇ ಹರಿಯಲಿ, ಎತ್ತರಕ್ಕೆ ಹಾರಿಸಿದರೆ ಕೀಲುಗಳಿಗೆ ಒಳ್ಳೆಯದಲ್ಲ.

ಮಳೆ ಬಂದು ಹೊರಗೆ ಹೋಗಲಾಗದ ದಿನ ಅದರ ಊಟವನ್ನು ತಟ್ಟೆಗೆ ಹಾಕಲೇಬೇಡಿ. ರಟ್ಟಿನ ಪೆಟ್ಟಿಗೆಗಳಲ್ಲಿ, ಸುತ್ತಿಟ್ಟ ಟವೆಲ್ ಮಡಿಕೆಯಲ್ಲಿ, ಮಂಚದ ಕೆಳಗೆ ಬಚ್ಚಿಟ್ಟು ಹುಡುಕಲು ಬಿಡಿ. ಕಾಲು ಗಂಟೆ ಮೂಗು ಬಳಸಿದ ನಾಯಿ ತೃಪ್ತಿಯಿಂದ ಮಲಗುತ್ತದೆ.

ಅಮೆರಿಕದಲ್ಲಿ ಸಣ್ಣ ಟೆರಿಯರ್ ಮತ್ತು ಡ್ಯಾಕ್ಸ್‌ಹುಂಡ್ ನಾಯಿಗಳಿಗಾಗಿ ಅರ್ಥ್‌ಡಾಗ್ ಅನ್ನುವ ಪರೀಕ್ಷೆ ಇದೆ. 9 ಇಂಚು ಚೌಕದ ಮರದ ಸುರಂಗವನ್ನು ನೆಲದಲ್ಲಿ ಹೂತಿರುತ್ತಾರೆ. ಹೊಸಬರಿಗೆ 10 ಅಡಿ, ಮುಂದಿನ ಹಂತಕ್ಕೆ ಮೂರು ತಿರುವುಗಳಿರುವ 30 ಅಡಿ. ಕೊನೆಯಲ್ಲಿ ಪಂಜರದೊಳಗೆ ಇಲಿ ಇರುತ್ತದೆ, ನಾಯಿಗೆ ಅದು ಸಿಗದಂತೆ ಭದ್ರ ಮಾಡಿರುತ್ತಾರೆ. ನಾಯಿ ವಾಸನೆ ಹಿಡಿದು ಹೋಗಿ ಅಲ್ಲಿ ನಿಂತು ಬೊಗಳಬೇಕು, ಕೆರೆಯಬೇಕು. ಯಾರ ಜೀವಕ್ಕೂ ಕುತ್ತಿಲ್ಲದೆ ತಳಿಯ ಕೆಲಸ ನಡೆಯುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ. ಅಂಥ ಅವಕಾಶ ಹತ್ತಿರದಲ್ಲಿ ಇಲ್ಲದಿದ್ದರೆ ಮಕ್ಕಳಾಟದ ಬಟ್ಟೆಯ ಸುರಂಗ, ಅದರ ಕೊನೆಯಲ್ಲಿ ಒಂದು ತಿನಿಸು. ಅದೂ ಚೆನ್ನಾಗಿಯೇ ನಡೆಯುತ್ತದೆ.

ಹಂತ 5: ಮನೆಯವರು, ಬೆಕ್ಕು, ಬೇರೆ ನಾಯಿ

ಮಕ್ಕಳ ಜೊತೆ ಬಾರ್ಡರ್ ತಾಳ್ಮೆಯಿಂದ ಇರುತ್ತದೆ. ಆದರೂ ಪುಟ್ಟ ಮಗು ಮತ್ತು ನಾಯಿಯನ್ನು ಇಬ್ಬರೇ ಬಿಟ್ಟು ಹೋಗುವುದು ಬೇಡ, ಇದು ಯಾವ ತಳಿಗೂ ಅನ್ವಯ. ನಾಯಿ ಉಣ್ಣುವಾಗ, ಮಲಗಿರುವಾಗ ಮುಟ್ಟಬಾರದು ಅಂತ ಮಕ್ಕಳಿಗೆ ಹೇಳಿಕೊಡಿ.

ಮರಿಯಿಂದ ಜೊತೆಗೆ ಬೆಳೆದ ಬೆಕ್ಕಿನ ಜೊತೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಆ ಸ್ನೇಹ ಪಕ್ಕದ ಮನೆಯ ಬೆಕ್ಕಿಗೆ ಅನ್ವಯಿಸುವುದಿಲ್ಲ. ಒಂಟಿಯಾಗಿರುವುದನ್ನೂ ಕಲಿಸಬೇಕು. ಮೊದಲು ಎರಡು ನಿಮಿಷ, ಆಮೇಲೆ ಹತ್ತು, ಆಮೇಲೆ ಅರ್ಧ ಗಂಟೆ. ಅಳಲು ಶುರು ಮಾಡುವ ಮೊದಲೇ ವಾಪಸ್ ಬನ್ನಿ.

ಹಂತ 6: ಊಟ

ಬಾರ್ಡರ್ ಹೊಟ್ಟೆಬಾಕ. ಕೇಳಿದಾಗಲೆಲ್ಲ ಕೊಟ್ಟರೆ ಒಂದೇ ವರ್ಷದಲ್ಲಿ ಉರುಳೆಯಾಗುತ್ತದೆ. ಆರು ಕಿಲೋ ನಾಯಿಗೆ ಒಂದು ಕಿಲೋ ಕೊಬ್ಬು ಜಾಸ್ತಿಯಾದರೂ ದೊಡ್ಡ ಹೊರೆ. ಊಟವನ್ನು ಕಪ್ಪಿನಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಿ. ತರಬೇತಿಯ ತಿನಿಸು ದಿನದ ಒಟ್ಟು ಕ್ಯಾಲರಿಯಲ್ಲಿ ಶೇ 10 ಮೀರದಿರಲಿ, ಅಷ್ಟನ್ನು ಊಟದಲ್ಲಿ ಕಳೆಯಿರಿ. ತಿಂಗಳಿಗೊಮ್ಮೆ ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಒತ್ತದೆಯೇ ಎಲುಬು ಕೈಗೆ ಸಿಗಬೇಕು. ಈ ತಳಿಯ ದಪ್ಪ ಚರ್ಮ, ಒರಟು ಕೂದಲಿನಿಂದಾಗಿ ಬರೀ ಕಣ್ಣಲ್ಲಿ ನೋಡಿದರೆ ದಪ್ಪಗಾದದ್ದು ಗೊತ್ತಾಗುವುದಿಲ್ಲ.

ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಜೈಲಿಟಾಲ್ ಅನ್ನುವ ಸಿಹಿಕಾರಕ ಇರುವ ಚ್ಯೂಯಿಂಗ್ ಗಮ್ ಇವೆಲ್ಲ ನಾಯಿಗೆ ವಿಷ. ಬಾರ್ಡರ್ ಮೊದಲು ನುಂಗಿ ಆಮೇಲೆ ಯೋಚಿಸುವ ಜಾತಿ, ಹಾಗಾಗಿ ಇವನ್ನು ಎತ್ತರದಲ್ಲೇ ಇಡಿ.

ಹಂತ 7: ಕೂದಲು ಕೀಳುವುದು

ಬಾರ್ಡರ್ ಕೂದಲಿಗೆ ಎರಡು ಪದರ. ಮೇಲೆ ತಂತಿಯಂಥ ಒರಟು ಕೂದಲು, ಕೆಳಗೆ ಮೆತ್ತನೆಯ ಒತ್ತಾದ ಕೂದಲು. ಮೇಲಿನ ಪದರ ಮಳೆ, ಮುಳ್ಳು, ಕೆಸರನ್ನು ತಡೆಯುತ್ತದೆ. ಅದು ಬೆಳೆದು ಸತ್ತ ಮೇಲೂ ತಾನಾಗಿ ಪೂರ್ತಿ ಉದುರುವುದಿಲ್ಲ, ಕೈಯಿಂದ ಕೀಳಬೇಕು. ಹ್ಯಾಂಡ್ ಸ್ಟ್ರಿಪ್ಪಿಂಗ್ ಅನ್ನುವುದು ಇದನ್ನೇ. ಕೇಳಲು ಕ್ರೂರ ಅನ್ನಿಸುತ್ತದೆ. ಆದರೆ ಬಲಿತು ಸತ್ತ ಕೂದಲಿನ ಹಿಡಿತ ಬೇರಿನಲ್ಲಿ ಆಗಲೇ ಸಡಿಲವಾಗಿರುತ್ತದೆ. ಸರಿಯಾದ ಸಮಯಕ್ಕೆ, ಸರಿಯಾಗಿ ಕಿತ್ತರೆ ಎಷ್ಟೋ ನಾಯಿಗಳು ಅಲ್ಲೇ ತೂಕಡಿಸುತ್ತವೆ.

ಯಂತ್ರ ಹಿಡಿದು ಬೋಳಿಸಿದರೆ ಏನಾಗುತ್ತದೆ? ಸತ್ತ ಕೂದಲಿನ ಬುಡ ಚರ್ಮದಲ್ಲೇ ಉಳಿಯುತ್ತದೆ. ಹೊಸ ಒರಟು ಕೂದಲಿಗೆ ಜಾಗ ಸಿಗುವುದಿಲ್ಲ. ಬಣ್ಣ ಮಾಸುತ್ತದೆ, ಮೈ ಮೆತ್ತಗಾಗಿ ನೀರು ಹೀರುತ್ತದೆ. ಆರೋಗ್ಯವಂತ ನಾಯಿಗೆ ಯಂತ್ರ ಬೇಡ ಅನ್ನುವುದು ನನ್ನ ಮಾತು. ವಯಸ್ಸಾಗಿ ಮೈಕೈ ನೋವಿರುವ ನಾಯಿಗೆ ಮಾತ್ರ ಯಂತ್ರವೇ ಕರುಣೆ. ಗಂಟೆಗಟ್ಟಲೆ ನಿಲ್ಲಿಸಿ ನೋಯಿಸುವುದಕ್ಕಿಂತ ಬಣ್ಣ ಮಾಸಿದರೆ ಮಾಸಲಿ.

ಸಮಯ ಬಂದಿದೆಯಾ ಅಂತ ತಿಳಿಯುವುದು ಹೀಗೆ. ಸುಮಾರು ಆರು ತಿಂಗಳಿಗೊಮ್ಮೆ ಕೂದಲು ಉದ್ದವಾಗಿ, ಬೆನ್ನಿನ ಮಧ್ಯದಲ್ಲಿ ತಾನೇ ಬೈತಲೆ ತೆಗೆದಂತೆ ಇಬ್ಭಾಗವಾಗುತ್ತದೆ. ಭುಜದ ಹತ್ತಿರ ಹತ್ತಾರು ಕೂದಲ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಬಂದರೆ ಶುರು ಮಾಡಿ. ತಡೆದರೆ ಇನ್ನೆರಡು ವಾರ ಕಾಯಿರಿ, ಬಲವಂತ ಬೇಡ.

ಕೀಳುವ ಮುಂಚಿನ ದಿನಗಳಲ್ಲಿ ಸ್ನಾನ ಮಾಡಿಸಬೇಡಿ, ಕೂದಲು ಜಾರುತ್ತದೆ. ನಾಯಿಯನ್ನು ಚೆನ್ನಾಗಿ ನಡೆಸಿಕೊಂಡು ಬನ್ನಿ. ಜಾರದ ಚಾಪೆ ಹಾಸಿದ ಮೇಜಿನ ಮೇಲೆ ನಿಲ್ಲಿಸಿ, ಒಂದು ಕೈ ಸದಾ ಅದರ ಮೇಲೆ ಇರಲಿ. ಮೊದಲು ಬಾಚಿ ಸಿಕ್ಕು ಬಿಡಿಸಿ. ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿ, ಇಲ್ಲವೇ ಕಾಗದ ಎಣಿಸುವವರು ಹಾಕುವ ರಬ್ಬರ್ ಟೋಪಿ ಹಾಕಿಕೊಳ್ಳಿ. ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿಯಿರಿ. ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕೆಲವೇ ಕೂದಲ ತುದಿ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಚುರುಕಾಗಿ ಎಳೆಯಿರಿ. ಮಣಿಕಟ್ಟು ತಿರುಗಿಸಬೇಡಿ, ತಿರುಗಿಸಿದರೆ ಕೂದಲು ತುಂಡಾಗುತ್ತದೆ. ಇಡೀ ತೋಳು ಹಿಂದಕ್ಕೆ ಬರಲಿ.

ಕತ್ತಿನ ಹಿಂಭಾಗದಿಂದ ಶುರು ಮಾಡಿ ಬೆನ್ನಿಗೆ, ಪಕ್ಕೆಗೆ, ತೊಡೆಗೆ ಬನ್ನಿ. ಕಿತ್ತ ಜಾಗದಲ್ಲಿ ಮೆತ್ತನೆಯ ಒಳಪದರ ಕಾಣುತ್ತದೆ, ಅದು ಅಲ್ಲೇ ಇರಲಿ. ತಲೆ ಮತ್ತು ಕಿವಿಯ ಕೂದಲಿಗೆ ತಾಳ್ಮೆ ಜಾಸ್ತಿ ಬೇಕು. ಹೊಟ್ಟೆ, ಗುದದ ಸುತ್ತ, ಜನನಾಂಗದ ಹತ್ತಿರ ಕೀಳಲೇಬೇಡಿ, ತುದಿ ಮೊಂಡಾದ ಕತ್ತರಿ ಬಳಸಿ. ಪೂರ್ತಿ ಕೆಲಸಕ್ಕೆ ಹಲವು ಗಂಟೆ ಹಿಡಿಯುತ್ತದೆ, ಒಂದೇ ದಿನಕ್ಕೆ ಮುಗಿಸುವ ಹಟ ಬೇಡ. ಚರ್ಮ ಕೆಂಪಾದರೆ ಅವತ್ತಿಗೆ ನಿಲ್ಲಿಸಿ.

ಕಿತ್ತ ಮೇಲೆ ಕೆಲವು ವಾರ ಚಳಿಗೆ ಕೋಟು ಹಾಕಿ, ಸುಡುಬಿಸಿಲಿಂದ ಕಾಪಾಡಿ. ಒರಟು ಕೂದಲು ಮತ್ತೆ ಪೂರ್ತಿ ಬರಲು ಎರಡು ಮೂರು ತಿಂಗಳು ಬೇಕು. ಸಂತಾನಹರಣ ಚಿಕಿತ್ಸೆ ಆದ ನಾಯಿಯ ಕೂದಲು ಹತ್ತಿಯಂತೆ ಮೆತ್ತಗಾಗಿ ಕೀಳಲು ಕಷ್ಟವಾಗಬಹುದು.

ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಬಾಚಿದರೆ ಸಾಕು. ಕೆಸರು ಒಣಗಿದ ಮೇಲೆ ತಾನೇ ಉದುರುತ್ತದೆ. ಹಲ್ಲನ್ನು ದಿನಾ ನಾಯಿಗಳ ಪೇಸ್ಟ್‌ನಿಂದಲೇ ಉಜ್ಜಿ, ನಮ್ಮ ಪೇಸ್ಟ್ ಅದಕ್ಕೆ ಆಗುವುದಿಲ್ಲ.

ಹಂತ 8: ಆರೋಗ್ಯದ ಮೇಲೆ ಕಣ್ಣು

ಬಾರ್ಡರ್ ನೋವು ತೋರಿಸುವುದಿಲ್ಲ. ಗಾಯ ಇಟ್ಟುಕೊಂಡೇ ಬಾಲ ಅಲ್ಲಾಡಿಸುತ್ತದೆ. ಅದು ಕುಂಟುವಷ್ಟು ಹೊತ್ತಿಗೆ ತೊಂದರೆ ಜೋರಾಗಿಯೇ ಇರುತ್ತದೆ. ಹಾಗಾಗಿ ಪ್ರತಿ ಸಲ ಹೊರಗಿನಿಂದ ಬಂದಾಗ ಮೈಮೇಲೆ ಕೈಯಾಡಿಸಿ. ಕಾಲ್ಬೆರಳ ಸಂದು, ಕಂಕುಳು, ಕಿವಿಯೊಳಗೆ ಉಣ್ಣಿ, ಹುಲ್ಲಿನ ಮುಳ್ಳು ಇದೆಯಾ ನೋಡಿ. ಸೋಫಾ ಹತ್ತಲು ಹಿಂಜರಿದರೆ, ತಟ್ಟೆ ಮುಂದೆ ಸುಮ್ಮನೆ ನಿಂತರೆ ಅದನ್ನು ದೂರು ಅಂತಲೇ ತಿಳಿಯಿರಿ.

ಇಲಿ ಹಿಡಿಯುವ ನಾಯಿಗೆ ಎರಡು ಅಪಾಯ ವಿಶೇಷ. ಒಂದು ಇಲಿ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ. ಇದರ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಬೇಕು. ಇನ್ನೊಂದು ಇಲಿ ಪಾಷಾಣ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ ತಿಂದ ನಾಯಿ ಎರಡು ಮೂರು ದಿನ ಏನೂ ಆಗದಂತೆ ಓಡಾಡಿಕೊಂಡಿರುತ್ತದೆ, ಆಮೇಲೆ ಒಳಗೇ ರಕ್ತ ಸೋರಲು ಶುರುವಾಗುತ್ತದೆ. ತಿಂದಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಪಾಷಾಣದ ಪೊಟ್ಟಣ ಸಮೇತ ಅವತ್ತೇ ವೆಟ್ (ಪಶುವೈದ್ಯರ) ಹತ್ತಿರ ಓಡಿ.

ಈ ತಳಿಯದ್ದೇ ಅನ್ನಬಹುದಾದ ಒಂದು ಕಾಯಿಲೆ ಇದೆ. ಹೆಸರು ಕೆನೈನ್ ಎಪಿಲೆಪ್ಟಾಯ್ಡ್ ಕ್ರ್ಯಾಂಪಿಂಗ್ ಸಿಂಡ್ರೋಮ್, ಚಿಕ್ಕದಾಗಿ ಸಿಇಸಿಎಸ್ ಅನ್ನುತ್ತಾರೆ. ನಾಯಿಯ ಮೈ ಇದ್ದಕ್ಕಿದ್ದಂತೆ ಬಿಗಿಯುತ್ತದೆ, ಕಾಲು ಸೆಟೆಯುತ್ತದೆ, ನಡುಗುತ್ತಾ ವಾಲಾಡುತ್ತದೆ. ಕೆಲವೊಮ್ಮೆ ಹೊಟ್ಟೆ ಗುಡುಗುಡು ಅನ್ನುತ್ತದೆ. ಮೂರ್ಛೆ ರೋಗದಂತೆ ಕಂಡರೂ ಎಚ್ಚರ ತಪ್ಪಿರುವುದಿಲ್ಲ, ನಿಮ್ಮನ್ನು ಕಣ್ಣಿಟ್ಟು ನೋಡುತ್ತಲೇ ಇರುತ್ತದೆ. ನೋಡುವವರ ಕರುಳು ಕಿವುಚುತ್ತದೆ. ಗಾಬರಿಯಾಗಬೇಡಿ. ಮೆಟ್ಟಿಲು, ಚೂಪು ಮೂಲೆಗಳಿಂದ ದೂರ ಮಲಗಿಸಿ, ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿಸಿ, ಇನ್ನೊಬ್ಬರು ಫೋನ್‌ನಲ್ಲಿ ವಿಡಿಯೊ ಮಾಡಲಿ. ವೆಟ್ ಮುಂದೆ ನೀವು ಬಾಯಿಮಾತಲ್ಲಿ ಹೇಳುವುದಕ್ಕಿಂತ ಆ ವಿಡಿಯೊ ಹೆಚ್ಚು ಹೇಳುತ್ತದೆ. ಬಾರ್ಡರ್‌ಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಇಲ್ಲದ ಆಹಾರದಿಂದ ಈ ಕಾಯಿಲೆ ಹತೋಟಿಗೆ ಬಂದದ್ದು ಕಂಡಿತು. ಗೋಧಿ, ಬಾರ್ಲಿ, ರೈ ಪೂರ್ತಿ ನಿಲ್ಲಬೇಕು. ಒಂದು ತುಂಡು ಬಿಸ್ಕತ್ತೂ ಕೊಡುವಂತಿಲ್ಲ ಅಂತ ಮನೆಯವರಿಗೆಲ್ಲ ಹೇಳಿಡಿ. ಆಹಾರ ಬದಲಿಸುವ ಮೊದಲು ವೆಟ್ ಜೊತೆ ಮಾತಾಡಿ, ರಕ್ತ ಪರೀಕ್ಷೆ ಆಗಬೇಕಿದ್ದರೆ ಅದು ಮೊದಲು ಆಗಲಿ.

ಮಧ್ಯ ವಯಸ್ಸು ದಾಟಿದ ಬಾರ್ಡರ್‌ಗಳಲ್ಲಿ ಪಿತ್ತಕೋಶದ ತೊಂದರೆಯೂ ಕಾಣುತ್ತದೆ. ಪದೇ ಪದೇ ವಾಂತಿ, ಊಟ ಬೇಡ ಅನ್ನುವುದು, ಒಸಡು ಹಳದಿಯಾಗುವುದು ಕಂಡರೆ ತಡ ಮಾಡಬೇಡಿ. ಊಟ ಬೇಡ ಅನ್ನುವ ಬಾರ್ಡರ್ ಅಂದರೇ ತುರ್ತು.

ಸೆಕೆಯ ದಿನಗಳಲ್ಲಿ ಬೆಳಗ್ಗೆ ಬೇಗ, ಸಂಜೆ ತಡವಾಗಿ ಮಾತ್ರ ಓಡಾಡಿಸಿ. ಈ ನಾಯಿಗೆ ದಣಿವಾಯಿತು ಅಂತ ತಾನೇ ನಿಲ್ಲಿಸುವುದು ಗೊತ್ತಿಲ್ಲ, ನೀವೇ ನಿಲ್ಲಿಸಬೇಕು. ವಿಪರೀತ ಏದುಸಿರು, ಜೊಲ್ಲು, ತೂರಾಟ ಕಂಡರೆ ನೆರಳಿಗೆ ತಂದು ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಹಾಕುತ್ತಲೇ ವೆಟ್ ಹತ್ತಿರ ಕರೆದುಕೊಂಡು ಹೋಗಿ.

ಹತ್ತು ವರ್ಷ ದಾಟಿದ ಮೇಲೆ ಕಿವಿ ಮಂದವಾಗಬಹುದು. ಅದಕ್ಕೆ ಚಿಕ್ಕಂದಿನಲ್ಲೇ ಪ್ರತಿ ಮಾತಿನ ಜೊತೆ ಒಂದು ಕೈಸನ್ನೆ ಕಲಿಸಿಡಿ. ನಡಿಗೆಯನ್ನು ಚಿಕ್ಕದಾಗಿ ಎರಡು ಮೂರು ಸಲಕ್ಕೆ ಹಂಚಿ, ಮಲಗುವ ಜಾಗಕ್ಕೆ ದಪ್ಪ ಹಾಸಿಗೆ ಹಾಕಿ, ಜಾರುವ ನೆಲಕ್ಕೆ ಚಾಪೆ ಹಾಸಿ. ತಿನಿಸು ಬಚ್ಚಿಟ್ಟು ಹುಡುಕಿಸುವ ಆಟವನ್ನು ಮಾತ್ರ ನಿಲ್ಲಿಸಬೇಡಿ. ಕಾಲು ಸೋತರೂ ಮೂಗು ಸೋಲುವುದು ಬಹಳ ತಡ.